ಒಂದು ಕಣ್ಣು, ಎರಡು ಚಾವಿ

ಅವರನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಅರ್ಧ ಮುಖ. ಉಳಿದರ್ಧ ಅವರ ಎಡ ಅಂಗೈಯ ಹಿಂದೆ ಇರುತ್ತದೆ. ಹೋದ ತಿಂಗಳು ಅವರ ಮಗಳು ಜಮಖಂಡಿಯಿಂದ ಫೋನ್ ಮಾಡಿ, "ಅಪ್ಪಾ ಹೋದ್ರು ರೀ ಮೌಶಿ. ಫಿಟ್ಸ್ ಅಲ್ಲ, ಹಾರ್ಟ್" ಎಂದಳು. ನಾನು ಮೊದಲು ಏನು ಕೇಳುತ್ತೇನೆಂದು ಅವಳಿಗೆ ಗೊತ್ತಿತ್ತು. ಫೋನಿಟ್ಟು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಅದನ್ನು ಒರೆಸುತ್ತ ಒಂದಷ್ಟು ಅತ್ತೆ. ಆಮೇಲೆ ಈ ಮನುಷ್ಯನ ಬಗ್ಗೆ ನಾನಾದರೂ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿತು. ಬೀಳ್ಕೊಡುಗೆಯ ದಿನ ಬ್ಯಾಂಕಿನವರು ಆಡಿದ್ದೆಲ್ಲ ಸ್ನೇಹಜೀವಿ, ಶ್ರಮಜೀವಿ ಎಂಬ ಸವಕಲು ಮಾತು. ಅವು ಯಾರಿಗೆ ಬೇಕಾದರೂ ಹೊಂದುತ್ತವೆ.

ನಾನು ಗದಗಿನವಳು. ಬ್ಯಾಂಕಿನ ವರ್ಗಾವಣೆ ನನ್ನನ್ನು ನಾಶಿಕಕ್ಕೆ ತಂದು ಹಾಕಿದಾಗ ವಯಸ್ಸು ಮೂವತ್ತು ದಾಟಿತ್ತು, ಮರಾಠಿ ಅರ್ಧಂಬರ್ಧ ಬರುತ್ತಿತ್ತು. ಮೊಬೈಲುಗಳು ಇನ್ನೂ ಗುಂಡಿ ಒತ್ತುವಂಥವಿದ್ದ ಕಾಲ ಅದು. ಶಾಖೆಗೆ ಹೋದ ಮೊದಲ ದಿನ ಕ್ಯಾಶ್ ವಿಭಾಗದ ಹಿರಿಯ ಅಧಿಕಾರಿಯ ಮೇಜಿನ ಮುಂದೆ ನಿಂತೆ. ಅವರು ಎಡಗಣ್ಣಿಗೆ ಅಂಗೈ ಒತ್ತಿಕೊಂಡು ಬಲಗಣ್ಣೊಂದರಿಂದ ಕಂಪ್ಯೂಟರ್ ನೋಡುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರೂ ಕೈ ತೆಗೆಯಲಿಲ್ಲ.

"ಬಂದ್ರೇನ್ರಿ ಬಾಯಾರ? ಕುಂಡ್ರಿ" ಎಂದರು.

ಹೆಂಗಸರನ್ನು ಗೌರವದಿಂದ ಬಾಯಾರ ಎಂದು ಕರೆಯುವ ನಮ್ಮ ಕಡೆಯ ಕನ್ನಡ ಪರಸ್ಥಳದಲ್ಲಿ ಕಿವಿಗೆ ಬಿದ್ದು ಜೀವ ತಂಪಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅರ್ಧ ಕಣ್ಣಲ್ಲಿ ಮಾತಾಡಿಸುವ ಈ ಮನುಷ್ಯನಿಗೆ ಎಷ್ಟು ಸೊಕ್ಕು ಎಂದು ಮೈ ಉರಿಯಿತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವರೇ ಸೊಕ್ಕಿನ ಕಾರಣ ಹೇಳಿದರು. ಸಣ್ಣವರಿದ್ದಾಗ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದರಂತೆ. ರಸ್ತೆಯುದ್ದಕ್ಕೂ ಬೇವಿನ ಸಾಲು. ಬಿಸಿಲು, ನೆರಳು, ಬಿಸಿಲು, ನೆರಳು ಎಂದು ಕಣ್ಣಿಗೆ ಬಡಿದು ಬಡಿದು ಅಲ್ಲೇ ಬಿದ್ದು ಒದ್ದಾಡಿದರಂತೆ. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ತಾಯಿತದ ದಾರ ಹರಿಯಿತು, ಬೀಳುವುದು ನಿಲ್ಲಲಿಲ್ಲ. ಕೊನೆಗೆ ಉಪಾಯವನ್ನು ಅವರೇ ಕಂಡುಕೊಂಡರು.

"ಕಣ್ಣ ಮುಚ್ಚಿದ್ರ ಆಗಂಗಿಲ್ರಿ. ರೆಪ್ಪಿ ಒಳಗೂ ಕೆಂಪಗ ಬಡೀತೈತಿ. ಒಂದು ಕಣ್ಣಿಗೆ ಅಂಗೈ ಕೊಟ್ಟಬಿಡಬೇಕು. ಒಂದ ಕಣ್ಣಿಗೆ ಬಡದ್ರ ತಲಿ ಸುಮ್ನಿರ್ತೈತಿ. ಎರಡೂ ಕೂಡಿದ್ರ ಮುಗೀತು."

ಮುಂದೆ ಡಾಕ್ಟರರು ಅದಕ್ಕೆ ಬೆಳಕಿಗೆ ಕೆರಳುವ ಅಪಸ್ಮಾರ ಎಂದು ಹೆಸರು ಕೊಟ್ಟರು. ದಿನಾ ನುಂಗಲು ಗುಳಿಗೆ ಕೊಟ್ಟರು. ಅಂಗೈಯ ಉಪಾಯ ಸರಿಯಾದದ್ದೇ, ಬಿಡಬೇಡಿ ಎಂದೂ ಹೇಳಿದರು. ಆಗಿನ ಡಬ್ಬಿಯಂಥ ಕಂಪ್ಯೂಟರ್ ಪರದೆಗಳು ಸಣ್ಣಗೆ ಮಿಡಿಯುತ್ತಿದ್ದವು. ನಮ್ಮ ಕಣ್ಣಿಗೆ ಅದು ಗೊತ್ತೇ ಆಗುತ್ತಿರಲಿಲ್ಲ, ಅವರ ತಲೆಗೆ ಗೊತ್ತಾಗುತ್ತಿತ್ತು. ಇಷ್ಟು ಹೇಳಿ ಮುಗಿಸಿ ಶೇಂಗಾ ಚಟ್ನಿಯ ಡಬ್ಬಿ ನನ್ನ ಕಡೆ ಸರಿಸಿದರು. ಮರುಕದ ಮಾತಾಡಲು ನನಗೆ ಸಂದಿಯನ್ನೇ ಕೊಡಲಿಲ್ಲ.

ಬೆಳಕಿನ ಜತೆ ಅವರ ಸಂಸಾರ ನೋಡುವಂತಿತ್ತು. ಮಾಲೇಗಾಂವ್ ಶಾಖೆಗೆ ನಾವಿಬ್ಬರೂ ತಪಾಸಣೆಗೆ ಹೋಗುವುದಿದ್ದರೆ, ಬಸ್ಸು ಹತ್ತುವ ಮೊದಲು ಕಂಡಕ್ಟರನನ್ನು ಹಿಡಿದು ನೆರಳು ಯಾವ ಕಡೆ ಬೀಳುತ್ತದೆ ಎಂದು ವಿಚಾರಿಸುವರು. ಒಬ್ಬ ಕಂಡಕ್ಟರ್ ನಗುತ್ತ, ಈ ವಯಸ್ಸಿನಲ್ಲಿ ಬೆಳ್ಳಗೆ ಉಳಿದು ಏನು ಮಾಡಬೇಕು ಸಾಹೇಬ್ ಎಂದು ಮರಾಠಿಯಲ್ಲಿ ಕಾಲೆಳೆದ. ಇವರು ಗಂಭೀರವಾಗಿ, ಮನೆಯವಳು ಕೇಳಬೇಕಲ್ಲಪ್ಪ ಎಂದರು. ದೀಪಾವಳಿಗೆ ಮೊದಲು ತಮ್ಮ ಕಟ್ಟಡದ ಮನೆಮನೆಗೂ ಕರದಂಟಿನ ಡಬ್ಬಿ ಹಿಡಿದು ಹೋಗುವರು. ಡಬ್ಬಿ ಕೊಟ್ಟಾದ ಮೇಲೆ, ಬಾಲ್ಕನಿಯ ದೀಪದ ಸರ ಮಿಣಮಿಣ ಅನ್ನದೆ ಒಂದೇ ಸಮ ಉರಿಯುವ ಹಾಗೆ ಗುಂಡಿ ತಿರುಗಿಸಿಡಿ ಎಂದು ಕೈಮುಗಿಯುವರು. ಕರದಂಟು ತಿಂದವರು ಯಾರೂ ಇಲ್ಲ ಎನ್ನಲಿಲ್ಲ. ಹೊಸಬರು ಆ ಕಟ್ಟಡದ ದೀಪಗಳು ಕೆಟ್ಟಿವೆ ಎಂದುಕೊಳ್ಳುತ್ತಿದ್ದರು.

ಇನ್ನೊಂದು ಅವರ ತಲೆಯ ಎಣ್ಣೆ. ಬೆಳಿಗ್ಗೆ ಕೊಬ್ಬರಿ ಎಣ್ಣೆಯನ್ನು ಬೊಗಸೆಯಲ್ಲಿ ಸುರಿದುಕೊಂಡು ಕೂದಲನ್ನು ಹಿಂದಕ್ಕೆ ಬಾಚಿ ಬರುತ್ತಿದ್ದರು. ಅವರ ಕುರ್ಚಿಯ ಬೆನ್ನಿಗೆ ತಲೆ ತಾಗುವಲ್ಲಿ ಕಪ್ಪು ಕಲೆ ಬಿದ್ದಿತ್ತು. ನಾನು ಚೇಷ್ಟೆ ಮಾಡಿದರೆ, "ಎಣ್ಣಿ ಹಚ್ಚಲಿಲ್ಲಂದ್ರ ತಲಿ ಮನ್ಯಾಗ ಬಿಟ್ಟು ಬಂದಂಗ ಅನಸ್ತೈತ್ರಿ" ಎನ್ನುವರು.

ಆದರೆ ನಾನು ಹೇಳಬೇಕಾದದ್ದು ಚಾವಿಯ ವಿಷಯ. ಬ್ಯಾಂಕಿನ ಖಜಾನೆ ಕೋಣೆಯ ಬಾಗಿಲಿಗೆ ಎರಡು ಬೀಗ, ಎರಡು ಬೇರೆ ಬೇರೆ ಚಾವಿ, ಅವನ್ನಿಟ್ಟುಕೊಳ್ಳಲು ಇಬ್ಬರು ಅಧಿಕಾರಿಗಳು, ಜಾಯಿಂಟ್ ಕಸ್ಟೋಡಿಯನ್ ಎಂದು ಅವರ ಹೆಸರು. ಒಬ್ಬರ ಚಾವಿಯಿಂದ ಬಾಗಿಲು ತೆರೆಯುವುದಿಲ್ಲ. ಎರಡೂ ಚಾವಿ ಒಬ್ಬರ ಕೈಗೆ ಒಂದು ನಿಮಿಷಕ್ಕೂ ಹೋಗಕೂಡದು, ಅದು ನಮ್ಮಲ್ಲಿ ದೊಡ್ಡ ಅಪರಾಧ. ನಾಶಿಕದಲ್ಲಿ ಒಂದು ಚಾವಿ ಅವರದು, ಇನ್ನೊಂದು ನನ್ನದು. ಅವರ ಹೆಂಡತಿ, ನಾನು ವೈನಿ ಎನ್ನುತ್ತಿದ್ದವರು, ಅವರ ಪ್ಯಾಂಟುಗಳ ಸೊಂಟದ ಒಳಗೆ ಚಾವಿಗೆಂದೇ ದಪ್ಪ ಬಟ್ಟೆಯ ಚೀಲ ಹೊಲಿದಿದ್ದರು. ಸಂಜೆ ಬಾಗಿಲು ಹಾಕಿ ಮೆಟ್ಟಿಲಿಳಿಯುವಾಗ ಅವರು ಸೊಂಟ ಮುಟ್ಟಿ ನೋಡಿಕೊಂಡು ನನ್ನನ್ನು ಕೇಳುವರು.

"ನಿಮ್ದು?"

"ಐತ್ರಿ."

"ನಂದೂ ಐತಿ. ನಡೀರಿ."

ಒಂದು ಸಂಜೆಯೂ ಇದು ತಪ್ಪಿರಲಿಲ್ಲ. ಮೊದಮೊದಲು ಬೇಜಾರೆನಿಸಿ, ಆಮೇಲೆ ಅದು ಕೇಳದಿದ್ದರೆ ಮನೆಗೆ ಹೋಗಲು ಕಾಲೇ ಬಾರದ ಹಾಗಾಗಿತ್ತು.

ಆಗ ಮಹಾರಾಷ್ಟ್ರದಲ್ಲಿ ಲೋಡ್‌ಶೆಡ್ಡಿಂಗ್ ಜೋರು. ಒಂದು ಮಧ್ಯಾಹ್ನ ಕರೆಂಟ್ ಇಲ್ಲದಾಗ ನಾವಿಬ್ಬರೂ ಖಜಾನೆಯಿಂದ ನಗದಿನ ಪೆಟ್ಟಿಗೆ ತೆಗೆದು ಬಾಗಿಲು ಹಾಕಿದೆವು. ಅವರು ಎರಡೂ ಕೈಯಲ್ಲಿ ಪೆಟ್ಟಿಗೆ ಹೊತ್ತು ಮುಂದೆ, ನಾನು ಚಾವಿ ಹಿಡಿದು ಹಿಂದೆ. ಹಾಲಿಗೆ ಬರುವ ಹೊತ್ತಿಗೆ ಕರೆಂಟ್ ಬಂತು. ವೋಲ್ಟೇಜ್ ಇಲ್ಲ, ಸ್ಟಾರ್ಟರ್‌ಗಳು ಹಳೆಯವು. ಹಾಲಿನ ಟ್ಯೂಬ್‌ಲೈಟುಗಳೆಲ್ಲ ಪಕಪಕ ಎಂದು ಹೊತ್ತಿ ಆರತೊಡಗಿದವು. ಅವರ ಎರಡೂ ಕೈ ಪೆಟ್ಟಿಗೆ ಹಿಡಿದಿದ್ದವು. ನಾನು ಕೂಗುವ ಮೊದಲೇ ಬಿದ್ದರು.

ಜನ ಮುತ್ತಿದರು. ಒಬ್ಬರು ಉಳ್ಳಾಗಡ್ಡಿ ಮೂಸಿಸಿ ಎಂದರು, ಇನ್ನೊಬ್ಬರು ಚಪ್ಪಲಿ ಎಂದರು. ನಿವೃತ್ತಿಗೆ ಬಂದಿದ್ದ ನಮ್ಮ ಪ್ಯೂನ್, ಎಲ್ಲರೂ ಮಾಮಾ ಎನ್ನುತ್ತಿದ್ದವರು, "ಲೋಖಂಡ್ ದ್ಯಾ, ಲೋಖಂಡ್" ಎಂದು ಕಬ್ಬಿಣ ಹುಡುಕಿದರು. ಹತ್ತಿರ ಕಂಡ ಕಬ್ಬಿಣ ನನ್ನ ಕೈಯಲ್ಲಿತ್ತು. ನಾನು ಬೇಡ ಎನ್ನುವಷ್ಟರಲ್ಲಿ ನನ್ನ ಚಾವಿಗೊಂಚಲನ್ನು ಕಸಿದು ಅವರ ಮುಷ್ಟಿಯೊಳಗೆ ತುರುಕಿದರು. ಮುಷ್ಟಿ ಬಿಗಿದುಕೊಂಡಿತು. ಕಬ್ಬಿಣದಿಂದ ಏನೂ ಆಗುವುದಿಲ್ಲ, ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು ಕಾಯಬೇಕು ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಜನರನ್ನು ಸರಿಸಿ ಅಷ್ಟು ಮಾಡಿದೆ. ಸೆರಗು ಮಡಚಿ ತಲೆಯ ಕೆಳಗಿಟ್ಟೆ, ಅದು ಎಣ್ಣೆಯಾಯಿತು.

ಎಚ್ಚರ ಬಂತು. ನಾಲಿಗೆ ಕಚ್ಚಿ ತುಟಿಯ ಮೇಲೆ ರಕ್ತ. ಕಣ್ಣು ಬಿಟ್ಟು ಮೊದಲು ನೋಡಿದ್ದು ತಮ್ಮ ಮುಷ್ಟಿಯನ್ನು. ಇನ್ನೊಂದು ಕೈ ತಾನಾಗಿ ಸೊಂಟದ ಚೀಲ ಮುಟ್ಟಿತು. ಮುಖ ಬಿಳಚಿಕೊಂಡಿತು.

"ಬಾಯಾರ, ನಿಮ್ಮ ಚಾವಿ ನನ್ನ ಕಡೆ ಹೆಂಗ ಬಂತು? ಮೊದ್ಲ ತಗೋರಿ. ತಗೋರಿ ಅಂದ್ನೆಲ್ಲ."

ಬಿದ್ದದ್ದಕ್ಕೆ ಹೆದರಿರಲಿಲ್ಲ, ಎರಡು ಚಾವಿ ಜತೆಯಾದದ್ದಕ್ಕೆ ಹೆದರಿದ್ದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಮ್ಯಾನೇಜರ್ ಅಂದು ಊರಲ್ಲಿರಲಿಲ್ಲ. ನಾವೆಲ್ಲ, ತಲೆಸುತ್ತು ಬಂತು ಅಂದರಾಯಿತು ಎಂದು ಮಾತಾಡಿಕೊಂಡೆವು. ಮಾಮಾ ತಾವೇನೋ ದೊಡ್ಡ ತಪ್ಪು ಮಾಡಿದೆವೆಂದು ಮೂಲೆಯಲ್ಲಿ ಕೂತುಬಿಟ್ಟರು. ಮರುದಿನ ಮ್ಯಾನೇಜರ್ ಬಂದು ಕೋಟು ತೆಗೆದಿಡುವ ಮೊದಲೇ ಇವರು ಕ್ಯಾಬಿನ್ನಿಗೆ ಹೋಗಿ, ನಿನ್ನೆ ಸ್ವಲ್ಪ ಹೊತ್ತು ಎರಡೂ ಚಾವಿ ನನ್ನ ಬಳಿ ಇದ್ದವು ಎಂದು ಹೇಳಿದರು. ಹೇಗೆ ಎಂದು ಅವರು ಕೇಳಿದರು. ಇವರು ಹೇಗೆ ಎಂದೂ ಹೇಳಿದರು. ಮಾಮಾನ ತಪ್ಪಿಲ್ಲ ಎಂದೂ ಸೇರಿಸಿದರು. ಮ್ಯಾನೇಜರ್ ಕೆಟ್ಟವರಲ್ಲ. ಆದರೆ ಫಿಟ್ಸ್ ಬರುವವರ ಕೈಯಲ್ಲಿ ಖಜಾನೆಯ ಚಾವಿ ಇಡಲು ಅವರಿಗೆ ಧೈರ್ಯವಾಗಲಿಲ್ಲ. ಅದೇ ವಾರ ಚಾವಿ ಬೇರೆಯವರಿಗೆ ಹೋಯಿತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಯಾರ್ ಕೇಳಿದ್ರು ರೀ ನಿಮ್ಮನ್ನ?" ಎಂದೆ.

"ಯಾರೂ ಕೇಳಲಿಲ್ರಿ. ಅದಕ್ಕ ಹೇಳಬೇಕಾತು."

ಇಂಥವರ ಜತೆ ಏನು ಜಗಳವಾಡುವುದು. ಅಂದಿನಿಂದ ಸಂಜೆ ಮೆಟ್ಟಿಲಿಳಿಯುವಾಗ ಅವರ ಕೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಗುತ್ತಿತ್ತು, ಬರಿದೆ ವಾಪಸು ಬರುತ್ತಿತ್ತು. "ನಿಮ್ದು?" ಎಂದು ಕೇಳುವರು. "ಐತ್ರಿ" ಎನ್ನುವೆನು. ಮುಂದಿನ ಮಾತಿಲ್ಲ. ಅದೊಂದು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಒಮ್ಮೆ ಅವರೇ ಹೇಳಿದರು, "ಪ್ರಮೋಷನ್ ಬ್ಯಾಡ್ರಿ ಬಾಯಾರ, ಏನೂ ಬ್ಯಾಡ. ಕಡೀ ದಿನ ಖಜಾನಿ ನಾ ತಗದು, ಚಾವಿ ನನ್ನ ಕೈಲೆ ಒಪ್ಪಿಸಿ ಹೋಗಬೇಕು. ಹಿಂಗ ಬರೀ ಸೊಂಟ ಮುಟಗೋತ ಹೋಗಬಾರದು." ಅವರು ಬೇಡಿದ್ದು ಅಷ್ಟೇ, ಅದನ್ನೂ ಆ ಒಂದೇ ಸಲ.

ವರ್ಷಗಳ ಮೇಲೆ ಅವರಿಗೂ, ಹಿಂದೆಯೇ ನನಗೂ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಆಗ ಅದು ಔರಂಗಾಬಾದ್. ಶಾಖೆ ವಾಳೂಜ್ ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿತ್ತು. ಕಟ್ಟಡದ ಕೆಲಸಕ್ಕೆ ಬಂದಿದ್ದ ವಿಜಯಪುರದ ಕಡೆಯವರು ಊರಿಗೆ ಹಣ ಕಳಿಸಲು ಬಂದರೆ ಇವರನ್ನೇ ಹುಡುಕುವರು. ಆ ರಸ್ತೆಯಲ್ಲಿ ಸಾಲಾಗಿ ವೆಲ್ಡಿಂಗ್ ಶೆಡ್‌ಗಳು. ಝಗ್ ಎಂದು ಕಿಡಿ ಬೀಳುವಾಗ ಇವರು ಅಂಗೈ ಕಣ್ಣಿಗಿಟ್ಟುಕೊಂಡು ದಾಟುವರು. ವೆಲ್ಡಿಂಗಿನವರು ಅದನ್ನು ಸಲಾಮು ಎಂದು ತಿಳಿದು ಎದ್ದು ತಿರುಗಿ ಸಲಾಮು ಹೊಡೆಯುವರು. ನಿಜ ಹೇಳಿಬಿಡಿ ಎಂದರೆ ಕೇಳಲಿಲ್ಲ. "ದಿನಾ ಹತ್ತು ಮಂದಿ ಸಲಾಮ್ ಹೊಡಿಯಾಕತ್ಯಾರ, ಕೆಡಸೂದ್ಯಾಕ?" ಎಂದು ನಕ್ಕರು.

ಗುಳಿಗೆಗಾಗಿ ಅವರು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಒಬ್ಬಳು ತರುಣ ಡಾಕ್ಟರ್, ಮರಾಠಿ ಹುಡುಗಿ, ಇವರನ್ನು ಕಾಕಾ ಎನ್ನುತ್ತಿದ್ದಳು. ಬೆಳಕಿಗೆ ಕೆರಳುವವರ ತಲೆಗೆ ಹೊರಗಿನಿಂದಲೇ ತೀರ ಸಣ್ಣ ಕರೆಂಟ್ ಹರಿಸಿ, ಆ ಕೆರಳು ತಗ್ಗುತ್ತದೆಯೇ ಎಂದು ನೋಡುವ ಪ್ರಯೋಗ ಅವಳದು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಮಂಪರು ಕೊಡುವುದಿಲ್ಲ. ಉಪ್ಪುನೀರಲ್ಲಿ ನೆನೆಸಿದ ಎರಡು ಸ್ಪಂಜನ್ನು ತಲೆಗೆ ಪಟ್ಟಿಯಿಂದ ಕಟ್ಟಿ, ಅಂಗೈಯಗಲದ ಬ್ಯಾಟರಿ ಡಬ್ಬಿಗೆ ಜೋಡಿಸಿ ಅರ್ಧ ಗಂಟೆಯ ಒಳಗೆ ಮುಗಿಸುವುದು. ಬಂದವರಲ್ಲಿ ಅರ್ಧ ಮಂದಿಗೆ ನಿಜವಾದ ಕರೆಂಟ್, ಉಳಿದವರಿಗೆ ಬರೀ ತೋರಿಕೆ. ಯಾರಿಗೆ ಯಾವುದು ಎಂಬುದು ಮುಗಿಯುವವರೆಗೆ ಅವರಿಗೂ ತಿಳಿಯದು, ಅವಳಿಗೂ ತಿಳಿಯದು. ಇದನ್ನೆಲ್ಲ ಅವಳು ಮೊದಲೇ ಬಿಡಿಸಿ ಹೇಳಿದ್ದಳು. ಇದರಿಂದ ಗುಣವಾಗುತ್ತದೆ ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ.

ಬಂದವರ ಜತೆ ಒಬ್ಬರು ಇರಲೇಬೇಕೆಂಬುದು ನಿಯಮ. ವೈನಿಗೆ ಕರೆಂಟ್ ಎಂಬ ಪದವೇ ಆಗದು. ಅವರ ಸೋದರಮಾವನಿಗೆ ಎಲ್ಲೋ ಕಟ್ಟಿಹಾಕಿ ಶಾಕ್ ಕೊಟ್ಟಿದ್ದರಂತೆ, ಆಮೇಲೆ ಅವನು ಯಾರ ಗುರುತನ್ನೂ ಹಿಡಿಯಲಿಲ್ಲವಂತೆ. ಹಾಗಾಗಿ ಇವರು ನನ್ನ ಮೇಜಿಗೆ ಬಂದು ನಿಂತರು.

"ಬಾಯಾರ, ಬ್ಯಾಂಕಿನ ಚಾವಿ ಹೋತು. ನನ್ನ ತಲಿಗಾದ್ರೂ ನೀವು ಜಾಯಿಂಟ್ ಕಸ್ಟೋಡಿಯನ್ ಆಗ್ರಿ. ಮನ್ಯಾಗ ಹೇಳಬ್ಯಾಡ್ರಿ."

ನನ್ನ ಗಂಡನಿಗೆ ಮಾತ್ರ ಹೇಳಿ ಒಪ್ಪಿಕೊಂಡೆ. ಆಗ ಬ್ಯಾಂಕಿಗೆ ಶನಿವಾರ ಅರ್ಧ ದಿನ. ಬಾಗಿಲು ಹಾಕಿ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗುತ್ತಿದ್ದೆವು. ತಲೆಯಲ್ಲಿ ಎಣ್ಣೆ ಇದ್ದರೆ ಸ್ಪಂಜು ಸರಿಯಾಗಿ ಹಿಡಿಯುವುದಿಲ್ಲ. ಮೊದಲ ಶನಿವಾರ ಇವರು ಎಂದಿನಂತೆ ಎಣ್ಣೆ ಸುರಿದುಕೊಂಡೇ ಹೋದರು. ಡಾಕ್ಟರ್ ಹುಡುಗಿ ಮುಟ್ಟಿ ನೋಡಿ ಅಲ್ಲೇ ನಲ್ಲಿಗೆ ಕಳಿಸಿದಳು. ಒರಟು ಸೋಪಿನಲ್ಲಿ ತಿಕ್ಕಿಕೊಂಡು ಬಂದಾಗ ಅವರ ಕೂದಲು ಎದ್ದು ನಿಂತಿತ್ತು. ಪಾಪ, ಬೇರೆ ಯಾರದೋ ತಲೆ ಹೊತ್ತುಕೊಂಡವರ ಹಾಗೆ ಕಾಣುತ್ತಿದ್ದರು. ಅಂದಿನಿಂದ ಶನಿವಾರ ಒಣತಲೆ.

ಕಷ್ಟದ ಕೆಲಸ ಸ್ಪಂಜಿನದಲ್ಲ. ಕರೆಂಟಿಗೆ ಮೊದಲು ಒಂದು ಸಲ, ಆದಮೇಲೆ ಒಂದು ಸಲ ತಲೆಗೆ ತಂತಿಗಳನ್ನು ಅಂಟಿಸಿ, ಮುಖದ ಎದುರು ಒಂದು ದೀಪ ಇಟ್ಟು, ಅದನ್ನು ನಾನಾ ವೇಗದಲ್ಲಿ ಮಿನುಗಿಸುವರು. ತಲೆ ಕೆರಳಿದರೆ ಪರದೆಯ ಮೇಲಿನ ಗೆರೆಗಳು ಕುಪ್ಪಳಿಸುತ್ತವೆ. ಕುಪ್ಪಳಿಸಿದ ತಕ್ಷಣ ಅವಳು ದೀಪ ಆರಿಸುವಳು, ಫಿಟ್ಸ್ ಬರಲು ಬಿಡಳು. ಆದರೆ ಅಂಗೈ ಕಣ್ಣಿಗೆ ಕೊಡುವಂತಿಲ್ಲ. "ಕಾಕಾ, ಹಾತ್ ಖಾಲೀ" ಎಂದು ಕೈ ಇಳಿಸಲು ಹೇಳುವಳು. ಇಳಿಸುವರು, ದೀಪ ಮಿನುಗಿದೊಡನೆ ಎಡಗೈ ತಾನಾಗಿ ಮೇಲೇಳುವುದು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಹೊರಬಂದು ಚಹಾ ಕುಡಿಯುವಾಗ, "ಐವತ್ತು ವರ್ಷ ಕದ ಹಾಕ್ಕೊಂಡು ಕುಂತಾಂವ್ಗ ಕದ ತಗದ ಕುಂಡ್ರು ಅಂದಂಗ ಆತ್ರಿ" ಎಂದರು. ಬಸಿ ಹಿಡಿಯಲಾಗದೆ ಕಪ್ಪನ್ನೇ ಎರಡೂ ಕೈಯಲ್ಲಿ ಹಿಡಿದು ಕುಡಿದರು. ಸಾಕು ಬಿಡಿ ಎಂದೆ. ಮುಂದಿನ ಶನಿವಾರ ನನಗಿಂತ ಮೊದಲೇ ರಿಕ್ಷಾ ನಿಲ್ಲಿಸಿಕೊಂಡಿದ್ದರು.

ಗುಟ್ಟು ಒಡೆದದ್ದು ಉಪ್ಪಿನಿಂದ. ಸ್ಪಂಜಿನ ಉಪ್ಪುನೀರು ಒಣಗಿ ಹಿಂದಲೆಯಲ್ಲಿ ಬೆಳ್ಳಗೆ ಪುಡಿ ಉಳಿಯುತ್ತಿತ್ತು. ಒಂದು ಭಾನುವಾರ ವೈನಿ ನನ್ನ ಮನೆಗೆ ಬಂದು, ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು ಕಣ್ಣು ತುಂಬಿಕೊಂಡರು.

"ನೀ ಇವರಿಗೆ ದೃಷ್ಟಿ ತಗೀತೀಯೇನ ತಂಗಿ? ಪ್ರತಿ ಶನಿವಾರ ತಲ್ಯಾಗ ಉಪ್ಪು ಇರ್ತೈತಿ. ಶನಿವಾರ ಚಲೋ ದಿನ. ಆದ್ರ ಬರೀ ಉಪ್ಪ ಸಾಲಂಗಿಲ್ಲ, ಎರಡು ಒಣಮೆಣಸಿನಕಾಯಿ ಹಾಕು."

ನಾನು ನಗು ತಡೆಯಲಾರದೆ ಒಳಗೆ ಓಡಿದೆ. ನೀರು ಕುಡಿದು ಬಂದು, ಕೂಡಿಸಿ, ಎಲ್ಲವನ್ನೂ ಹೇಳಿದೆ. ಕಟ್ಟಿಹಾಕುವುದಿಲ್ಲ, ಕೂತು ಮಾತಾಡುತ್ತಲೇ ಇರುತ್ತಾರೆ, ಸಣ್ಣ ಬ್ಯಾಟರಿಯ ಕರೆಂಟ್ ಅಷ್ಟೇ ಎಂದೆ. ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಗುರುತು ಹಿಡಿಯಾಕತ್ಯಾರಲ್ಲ, ಅಷ್ಟು ಸಾಕು" ಎಂದರು. ಮುಂದಿನ ಶನಿವಾರದಿಂದ ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಅವರೂ ಬಂದರು. ಡಾಕ್ಟರ್ ಹುಡುಗಿಗೂ ಒಂದು ಕಪ್ಪು. ಅವರ ತಲೆಯ ಕಸ್ಟೋಡಿಯನ್ನರು ಮೂವರಾದೆವು.

ಆ ತಿಂಗಳುಗಳಲ್ಲಿ ಅವರಿಗೆ ಹಗುರವಾದದ್ದು ನಿಜ. ಸ್ಪಂಜು ಕಟ್ಟಿದಾಗ ಇರುವೆ ಹರಿದಂತಾಗುತ್ತದೆ, ನನಗೆ ನಿಜವಾದದ್ದೇ ಸಿಕ್ಕಿದೆ ಎನ್ನುತ್ತಿದ್ದರು. ಸಿಲ್ಲೋಡ್‌ಗೆ ಹೋಗುವಾಗ ಒಮ್ಮೆ ಬಸ್ಸಿನಲ್ಲಿ ಬಿಸಿಲ ಕಡೆಯ ಕಿಟಕಿಗೆ ಕೂತೂ ನೋಡಿದರು, ಅಂಗೈ ಸಿದ್ಧ ಇಟ್ಟುಕೊಂಡು. ಫಿಟ್ಸ್ ಬಾರದೆ ವರ್ಷಗಳಾಗಿದ್ದವು. ನಿವೃತ್ತಿ ಹತ್ತಿರ ಬಂದಿತ್ತು. ನಮ್ಮ ಅಲ್ಲಿನ ಮ್ಯಾನೇಜರ್, ಮರಾಠಿಯವರು, ಚಿಕಿತ್ಸೆಯ ಸುದ್ದಿ ಕೇಳಿ, ಇದು ಮುಗಿಯಲಿ, ಚಾವಿಯ ವಿಚಾರ ಮಾಡೋಣ ಎಂದಿದ್ದರು. ಇವರು ವೈನಿಗೆ ಹೇಳಿ ಪ್ಯಾಂಟಿನ ಒಳಚೀಲ ಹೊಲಿಸಿಕೊಂಡರು. ನನಗೆ ತೋರಿಸಲಿಲ್ಲ, ವೈನಿಯೇ ಹೇಳಿದರು.

ಪ್ರಯೋಗ ಮುಗಿದ ಮೇಲೆ ಡಾಕ್ಟರ್ ಹುಡುಗಿ ನಮ್ಮನ್ನು ಕರೆದು ಕೂಡಿಸಿದಳು. ಅವರಿಗೆ ಸಿಕ್ಕಿದ್ದು ತೋರಿಕೆಯದು.

ಅವರು, ಹಾಗಾದರೆ ಇರುವೆ ಹರಿದದ್ದು ಏನು ಎಂದು ಕೇಳಿದರು. ಮೊದಲ ಕೆಲವು ಕ್ಷಣ ಕರೆಂಟ್ ಬಿಟ್ಟು ಆಮೇಲೆ ಡಬ್ಬಿಯೇ ನಿಲ್ಲಿಸಿಬಿಡುತ್ತದೆ ಕಾಕಾ, ಇಲ್ಲದಿದ್ದರೆ ನಿಮಗೆ ಗೊತ್ತಾಗಿಬಿಡುತ್ತದೆ ಎಂದಳು ಅವಳು. ಹೇಳುವಾಗ ಅವಳ ಮುಖವೂ ಬಾಡಿತ್ತು. "ಲಬಾಡಿ ಡಬ್ಬಿ, ಮೋಸ ಮಾಡ್ತು" ಎಂದು ಅವರು ಆ ಬ್ಯಾಟರಿ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರು. ವೈನಿ ಥರ್ಮಾಸಿನ ಮುಚ್ಚಳ ತೆಗೆಯುವುದನ್ನೇ ಮರೆತಿದ್ದರು.

ಸೋಮವಾರ ಬೆಳಿಗ್ಗೆ ಅವರು ಮ್ಯಾನೇಜರರ ಕ್ಯಾಬಿನ್ ಕಡೆ ಹೊರಟದ್ದು ಕಂಡು ನಾನು ಅಡ್ಡ ನಿಂತೆ.

"ಸಾಹೇಬರ, ಎಲ್ಲಿ ಹೊಂಟ್ರಿ? ಫಿಟ್ಸ್ ಬಂದಿಲ್ಲ, ಅದಂತೂ ಖರೇ ಐತಲ್ಲ? ಡಬ್ಬಿ ಖರೇನೋ ಸುಳ್ಳೋ ಅವರಿಗೆ ಯಾಕ ಬೇಕು? ಚಾವಿ ಬರತೈತಿ, ಸುಮ್ನ ಕುಂಡ್ರಿ."

"ಅವರು ಡಬ್ಬಿ ನಂಬಿ ಚಾವಿ ಕೊಡಾಕತ್ಯಾರ್ರಿ."

"ಕೊಡಲಿ!"

"ನಾಳೆ ಇನ್ನೊಂದು ಚಾವಿ ಹಿಡದು ನನ್ನ ಬಾಜೂಕ ನಿಂದ್ರಾವ್ರು ನೀವು. ನನ್ನ ತಲ್ಯಾಗ ಏನೈತಿ, ಏನಿಲ್ಲ, ನಿಮಗ ಗೊತ್ತೈತಿ. ಅದಕ್ಕ ನೀವು ಹುಷಾರಿರ್ತೀರಿ. ಅವರಿಗೂ ಗೊತ್ತಿರಲಿ."

ಹೋಗಿ ಹೇಳಿಯೇಬಿಟ್ಟರು. ಹೊರಬಂದಾಗ ಮುಖ ನೋಡಿಯೇ ಚಾವಿ ಸಿಗುವುದಿಲ್ಲ ಎಂದು ತಿಳಿಯಿತು. ಅಂದು ನಾನು ಅವರ ಜತೆ ಊಟಕ್ಕೆ ಕೂರಲಿಲ್ಲ. ಅವರು ಚಟ್ನಿ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಸಿಟ್ಟಿನಲ್ಲೇ ತಿಂದೆ.

ತೋರಿಕೆ ಸಿಕ್ಕವರಿಗೆ ಬೇಕಿದ್ದರೆ ನಿಜವಾದದ್ದನ್ನು ಕೊಡುವೆನೆಂದು ಡಾಕ್ಟರ್ ಹುಡುಗಿ ಮೊದಲೇ ಮಾತು ಕೊಟ್ಟಿದ್ದಳು. ಅವರು ಮತ್ತೆ ಹೊರಟರು, ಮತ್ತೆ ಒಣತಲೆ, ಮತ್ತೆ ತೊಡೆಯ ಕೆಳಗೆ ಕೈ. ಈ ಸಲ ನಾನು ಪರದೆಯನ್ನೇ ನೋಡುತ್ತಿದ್ದೆ. ಯಾವ ವೇಗಕ್ಕೆ ಗೆರೆಗಳು ಪ್ರತಿ ಸಲ ಕುಪ್ಪಳಿಸುತ್ತಿದ್ದವೋ ಆ ವೇಗಕ್ಕೆ, ಕರೆಂಟ್ ಆದಮೇಲೆ, ಅವು ಸುಮ್ಮನೆ ಹರಿದವು. ಇನ್ನಷ್ಟು ಜೋರು ವೇಗಕ್ಕೆ ಮಾತ್ರ ಹಿಂದಿನಂತೆಯೇ ಕುಪ್ಪಳಿಸಿದವು. ಡಾಕ್ಟರ್ ಹುಡುಗಿ ಸಂತೋಷಪಟ್ಟಳು, ಆದರೆ ಉಬ್ಬಿಸಿ ಹೇಳಲಿಲ್ಲ. ಸ್ವಲ್ಪ ತಗ್ಗಿದೆ ಕಾಕಾ, ಎಷ್ಟು ದಿನ ಇರುತ್ತದೋ ನನಗೆ ಗೊತ್ತಿಲ್ಲ, ಇದನ್ನು ಗುಣ ಎನ್ನಬೇಡಿ, ಗುಳಿಗೆ ಬಿಡಬೇಡಿ, ಅಂಗೈಯನ್ನೂ ಬಿಡಬೇಡಿ ಎಂದಳು.

ಇವರು ಅದನ್ನೇ, ಒಂದು ಮಾತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಮ್ಯಾನೇಜರಿಗೆ ಒಪ್ಪಿಸಿದರು. ಇವರ ನಿವೃತ್ತಿಯ ದಿನಕ್ಕೆ ಮೊದಲಿನ ಸಂಜೆ ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಒಂದು ಚಾವಿ ಆಗಲೂ ನನ್ನದೇ ಇತ್ತು. ನಾಳೆ ಒಂದು ದಿನ ಇನ್ನೊಂದು ಅವರಿಗೆ ಕೊಟ್ಟರೆ ನಿಮಗೆ ಹೆದರಿಕೆಯೇನೂ ಇಲ್ಲವಲ್ಲ ಎಂದು ಕೇಳಿದರು.

"ಇಲ್ಲ" ಎಂದೆ.

ಕೊನೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಯ ತುಂಬ ಎಣ್ಣೆ. ಚಾವಿ ಪಡೆದುಕೊಂಡು ಸೊಂಟದ ಚೀಲಕ್ಕೆ ಹಾಕಿ, ಹೊರತೆಗೆದು, ಇಬ್ಬರೂ ಖಜಾನೆಯ ಬಾಗಿಲಿಗೆ ಹೋದೆವು. ಆ ಬಾಗಿಲಿಗೆ ಒಂದು ರೋಗವಿತ್ತು. ಬಲಗೈಯಲ್ಲಿ ಚಾವಿ ತಿರುವುತ್ತ ಎಡಗೈಯಲ್ಲಿ ಹಿಡಿಕೆಯನ್ನು ಜಗ್ಗಿ ಹಿಡಿದರೆ ಮಾತ್ರ ಬೀಗ ಸರಿಯುತ್ತಿತ್ತು, ಬಿಟ್ಟರೆ ಮತ್ತೆ ಮೊದಲಿಂದ. ಅವರು ಚಾವಿ ಹಾಕಿ ತಿರುವಿ ಹಿಡಿಕೆ ಜಗ್ಗಿದರು. ಪಕ್ಕದ ತೂತಿಗೆ ನಾನು ನನ್ನದನ್ನು ಹಾಕಿದೆ. ಬೆಳಗಿನಿಂದ ಕರೆಂಟ್ ಇರಲಿಲ್ಲ, ಪ್ಯೂನ್ ಕಿಟಕಿ ತೆಗೆದಿಟ್ಟಿದ್ದ. ಅದೇ ಹೊತ್ತಿಗೆ ಕರೆಂಟ್ ಬಂತು. ಬಾಗಿಲ ಮೇಲಿನ ಟ್ಯೂಬ್‌ಲೈಟ್ ಪಕಪಕ ಎಂದು ಹೊಡೆದುಕೊಳ್ಳತೊಡಗಿತು.

ಅವರು ಕೈ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಹಿಡಿಕೆ ಜಗ್ಗಿದಂತೆಯೇ ಇತ್ತು. ನಾಶಿಕದಲ್ಲಿ ಅವರು ಬಿದ್ದ ದಿನ ಬಿಟ್ಟರೆ ಇಷ್ಟು ವರ್ಷದಲ್ಲಿ ನಾನು ಅವರನ್ನು ಮುಟ್ಟಿದವಳಲ್ಲ. ನನ್ನ ಬಲಗೈ ಚಾವಿಯ ಮೇಲಿತ್ತು. ಎಡಗೈ ಎತ್ತಿ ಅಂಗೈಯನ್ನು ಅವರ ಎಡಗಣ್ಣಿನ ಮೇಲೆ ಒತ್ತಿದೆ.

ಅವರು ಅಲುಗಲಿಲ್ಲ. ರೆಪ್ಪೆ ನನ್ನ ಅಂಗೈಯೊಳಗೆ ಬಡಿದುಕೊಳ್ಳುವುದು ತಿಳಿಯುತ್ತಿತ್ತು. ಒಂದು ಉಸಿರು ಬಿಟ್ಟು ಮೆಲ್ಲಗೆ ಹೇಳಿದರು, "ಚಾವಿ ತಿರುವ್ರಿ ಬಾಯಾರ."

ತಿರುವಿದೆ. ಬಾಗಿಲು ತೆರೆಯಿತು. ಟ್ಯೂಬ್‌ಲೈಟ್ ಕೊನೆಗೊಮ್ಮೆ ಒಂದೇ ಸಮ ಉರಿಯಿತು. ಕೈ ತೆಗೆದಾಗ ಅಂಗೈಯೆಲ್ಲ ಕೊಬ್ಬರಿ ಎಣ್ಣೆ. ಪೆಟ್ಟಿಗೆ ಹೊರತೆಗೆದು ಇಬ್ಬರೂ ಕೆಲಸಕ್ಕೆ ಹತ್ತಿದೆವು.

ಸಂಜೆ ಭಾಷಣ, ಶಾಲು, ಹಾರ ಎಲ್ಲ ಮುಗಿಯಿತು. ಖಜಾನೆ ಮುಚ್ಚಿ, ಅವರು ತಮ್ಮ ಚಾವಿಯನ್ನು ಹೊಸ ಅಧಿಕಾರಿಯ ಕೈಗೆ ತಾವೇ ಇಟ್ಟು, ಆತನ ಬೆರಳುಗಳನ್ನು ಅದರ ಮೇಲೆ ಮಡಚಿದರು. ಕೆಳಗೆ ವೈನಿ ರಿಕ್ಷಾದಲ್ಲಿ ಕಾಯುತ್ತಿದ್ದರು. ಮೆಟ್ಟಿಲಿಳಿಯುವಾಗ ಅವರ ಕೈ ಸೊಂಟಕ್ಕೆ ಹೋಯಿತು.

"ನಿಮ್ದು?" ಎಂದರು.

"ಐತ್ರಿ" ಎಂದೆ.

"ನಂದು ಕೊಟ್ಟೆ. ನಡೀರಿ."